ಅಗಸಿಯ ಹೊರಗಿನ ಚರಿತ್ರೆ

ಊರಿಗೆ ಚರಿತ್ರೆ ಇರುತ್ತದೆ, ಕೇರಿಗೆ ಕೆಲಸ ಇರುತ್ತದೆ. ನಮ್ಮ ಹಳ್ಳಿಗಳ ಬಗ್ಗೆ ಇಲ್ಲಿಯತನಕ ಹೀಗೇ ಬರೆದುಕೊಂಡು ಬಂದಿದ್ದಾರೆ. ಊರನ್ನು ಯಾರು ಆಳಿದರು, ಕೆರೆಯನ್ನು ಯಾರು ತೋಡಿಸಿದರು, ಗುಡಿಗೆ ಎಷ್ಟು ಭೂಮಿ ಬಿಟ್ಟರು ಎಂಬುದೆಲ್ಲ ಕಲ್ಲಿನ ಮೇಲಿದೆ. ಆ ಕಲ್ಲು ಹೊತ್ತವರು ಯಾರು, ಕೆರೆಯ ಮಣ್ಣು ತೆಗೆದವರು ಯಾರು, ಗುಡಿ ಕಟ್ಟಿ ಮುಗಿದ ಮೇಲೆ ಹೊರಗೆ ನಿಂತವರು ಯಾರು ಎಂಬುದು ಯಾವ ಕಲ್ಲಿನ ಮೇಲೂ ಇಲ್ಲ. ನಾನು ಹುಟ್ಟಿದ್ದು ಹೊರಗೆ ನಿಂತವರ ಮನೆಯಲ್ಲಿ. ಆದ್ದರಿಂದ ನಮ್ಮೂರಿನ ಚರಿತ್ರೆಯನ್ನು ನಾನು ಹೊರಗಿನಿಂದಲೇ ಬರೆಯಬೇಕು.

ನಮ್ಮೂರು ಧಾರವಾಡ ತಾಲೂಕಿನದು. ಬೆಳಗಾವಿಯ ಕಡೆ ಹೋಗುವ ಹೆದ್ದಾರಿ ಬಿಟ್ಟು ಗರಗದ ದಿಕ್ಕಿಗೆ ಒಳಗೆ ಬರಬೇಕು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು 'ಆ ಊರು ಮೊದಲಿಂದ ಹಂಗ ಬಿಡ್ರಿ' ಎಂದು ತಮ್ಮೂರನ್ನು ಪಾರು ಮಾಡಿಕೊಳ್ಳುತ್ತಾರೆ. ನಿಮ್ಮೂರಿನ ಹೆಸರು ಇಟ್ಟುಕೊಂಡೇ ಓದಿರಿ. ಹೆಚ್ಚುಕಡಿಮೆ ಸರಿಹೋಗುತ್ತದೆ.

ಊರ ಬಾಯಿಗೆ ಅಗಸಿ. ಅಗಸಿಯ ಒಳಗೆ ಹನಮಪ್ಪನ ಗುಡಿ, ಚಾವಡಿ, ಗೌಡರ ವಾಡೆ, ಮಠ. ಅವುಗಳ ಸುತ್ತ ಒಕ್ಕಲುತನದವರ ಓಣಿಗಳು, ಬಡಿಗೇರ, ಕಮ್ಮಾರ, ಕುಂಬಾರ, ಅಗಸರ ಮನೆಗಳು. ಅಗಸಿ ದಾಟಿ ಹಳ್ಳದ ಇಳುಕಲಿಗೆ, ಊರಿನ ಬಚ್ಚಲ ನೀರೆಲ್ಲ ಹರಿದುಬಂದು ನಿಲ್ಲುವ ಕಡೆ ನಮ್ಮ ಕೇರಿ. ನಮ್ಮ ಕೇರಿಗೂ ಆಚೆ ಮಾದರ ಕೇರಿ. ನಮಗೂ ಅವರಿಗೂ ನಡುವೆ ಇನ್ನೊಂದು ಕಾಣದ ಅಗಸಿ. ಊರಿನವರು ನಮ್ಮನ್ನು ಮುಟ್ಟುತ್ತಿರಲಿಲ್ಲ, ನಾವು ಅವರನ್ನು ಮುಟ್ಟುತ್ತಿರಲಿಲ್ಲ. ಮೇಲಿನವರು ಕಟ್ಟಿದ ನಿಚ್ಚಣಿಕೆಯ ಚಮತ್ಕಾರವೇ ಇದು. ಕಟ್ಟಕಡೆಯ ಮೆಟ್ಟಿಲಿನವನಿಗೂ ತುಳಿಯಲಿಕ್ಕೆ ಇನ್ನೊಂದು ಮೆಟ್ಟಿಲು ಇಟ್ಟಿರುತ್ತಾರೆ.

ನಮ್ಮ ಕಡೆ ಕಲ್ಲಿನ ಚರಿತ್ರೆಗೆ ಬರವಿಲ್ಲ. ಧಾರವಾಡ ದಾಟಿದ ಕೂಡಲೇ ಸಿಗುವ ನರೇಂದ್ರದಲ್ಲಿ ಗೋವೆಯ ಕದಂಬರ ಇಮ್ಮಡಿ ಜಯಕೇಶಿಯ ಕಾಲದ ಶಾಸನಗಳಿವೆ. ಬ್ರಿಟಿಷ್ ಅಧಿಕಾರಿಗಳು ಇಂಥ ಕಲ್ಲುಗಳನ್ನು ಹುಡುಕಿ ಓದಿದರು. 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿದ ಮೇಲೆ ನಮ್ಮ ವಿದ್ವಾಂಸರೂ ಹಳ್ಳಿ ಹಳ್ಳಿ ತಿರುಗಿ ಓದಿದರು. ಒಳ್ಳೆಯ ಕೆಲಸವೇ. ಆದರೆ ಶಾಸನಗಳಲ್ಲಿ ನಮ್ಮವರು ಬರುವ ಬಗೆ ನೋಡಿ. ದಾನ ಕೊಟ್ಟ ಭೂಮಿಯ ಎಲ್ಲೆ ಹೇಳುವಾಗ ಹಳ್ಳ, ಹುಣಸೆಮರ, ಹುತ್ತ ಇವುಗಳ ಸಾಲಿನಲ್ಲಿ ಹೊಲಗೇರಿಯೂ ಬರುವುದುಂಟು. ಭೂಮಿ ಕೊಟ್ಟವನಿಗೆ ಹೆಸರಿದೆ, ತಗೊಂಡವನಿಗೆ ಗೋತ್ರವಿದೆ. ನಾವು ಎಲ್ಲೆಯ ಗುರುತು. ಗಿಡ, ಕಲ್ಲು, ನಾವು.

ಎಲ್ಲೆಯ ಗುರುತಾಗಿದ್ದವರೇ ಎಲ್ಲೆ ಕಾಯುವವರೂ ಆಗಿದ್ದರು. ನಮ್ಮ ಮನೆತನದ್ದು ವಾಲೀಕಾರಿಕೆ. ಅಪ್ಪ ವಾಲೀಕಾರ, ಅಜ್ಜ ವಾಲೀಕಾರ. ಬೆಳಗಾಗುತ್ತಲೇ ಅಪ್ಪ ಕೈಯಲ್ಲಿ ಕೋಲು ಹಿಡಿದು ಚಾವಡಿಯ ಮುಂದೆ, ಕಟ್ಟೆಯ ಕೆಳಗೆ ನಿಲ್ಲಬೇಕು. "ಲೇ ವಾಲೀಕಾರ" ಎಂದು ಒಳಗಿನಿಂದ ಕೂಗು ಬಂದರೆ "ಬಂದ್ನಿರಿ ಎಪ್ಪಾ" ಎನ್ನಬೇಕು. ಕಂದಾಯ ಬಾಕಿ ಇದ್ದವರನ್ನು ಕರೆದು ತರಬೇಕು. ವಸೂಲಾದ ರೊಕ್ಕದ ಗಂಟು ಹೊತ್ತು ಕುಲಕರ್ಣಿಯ ಹಿಂದೆ ಧಾರವಾಡಕ್ಕೆ ನಡೆಯಬೇಕು. ಸಾಹೇಬರು ಬಂದರೆ ಅವರ ಕುದುರೆಗೆ ಹುಲ್ಲು, ಅಡಿಗೆಗೆ ಕಟ್ಟಿಗೆ ಹೊಂದಿಸಬೇಕು. ಹೊಲದ ಬಾಂದುಕಲ್ಲು ಯಾರಾದರೂ ಸರಿಸಿದರೆ ಸಾಕ್ಷಿ ಹೇಳಬೇಕು. ಊರಲ್ಲಿ ಯಾರಾದರೂ ಸತ್ತರೆ ರಾತ್ರಿಯಾಗಲಿ, ಮಳೆಯಾಗಲಿ, ಬೀಗರ ಊರುಗಳಿಗೆ ಸುದ್ದಿ ಮುಟ್ಟಿಸಬೇಕು. ಸಾವಿನ ಸುದ್ದಿ ತಂದವನಿಗೆ ಆ ಊರಿನಲ್ಲಿ ನೀರು ಸಹ ಮೇಲಿನಿಂದ ಹಾಕುತ್ತಿದ್ದರು. ಅಪ್ಪ ಬೊಗಸೆ ಒಡ್ಡಿ ಕುಡಿದು, ಅದೇ ಕಾಲಲ್ಲಿ ಮುಂದಿನ ಊರಿಗೆ ಹೋಗುತ್ತಿದ್ದ.

ಅಜ್ಜನಿಗೆ ಇನ್ನೊಂದು ಕೆಲಸವಿತ್ತು. ಊರ ಲಿಂಗಾಯತರ ಮದುವೆ, ಸಾವುಗಳ ಮೆರವಣಿಗೆಯಲ್ಲಿ ಛಲವಾದಿ ಬಟ್ಟಲು, ಗಂಟೆ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವುದು. ಮೆರವಣಿಗೆಯಲ್ಲಿ ಮುಂದೆ, ಊಟದ ಪಂಕ್ತಿಯಲ್ಲಿ ಎಲ್ಲಿಯೂ ಇಲ್ಲ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಹೇಳಿದ್ದೇನು, ಅವರ ಹೆಸರು ಹೇಳುವ ಊರುಗಳಲ್ಲಿ ಉಳಿದದ್ದೇನು ಎಂಬುದನ್ನು ಆ ಗಂಟೆಯನ್ನು ಕೇಳಬೇಕು.

ಇದಕ್ಕೆಲ್ಲ ಕೂಲಿ ಎಂದರೆ ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಬೇಡುವ ಆಯ. ಬಡಿಗೇರನಿಗೆ, ಕಮ್ಮಾರನಿಗೆ ಕೊಟ್ಟು ಕಡೆಗೆ ನಮಗೆ. ರಾಶಿಯ ಅಡಿಯಲ್ಲಿ ಉಳಿದ ಮಣ್ಣುಕಾಳು. ಅವ್ವ ಅದನ್ನು ಮೂರು ಸಲ ಕೇರಿ, ಮೂರು ಸಲ ತೊಳೆದು ಬೀಸುತ್ತಿದ್ದಳು. ಆದರೂ ರೊಟ್ಟಿಯಲ್ಲಿ ಹಲ್ಲಿಗೆ ಹರಳು ಸಿಗುತ್ತಿತ್ತು. "ಊರಿನ ಮಣ್ಣ ತಿಂದು ಬೆಳದಾನ" ಎಂಬ ಮಾತು ನಮ್ಮ ಮಟ್ಟಿಗೆ ಅಕ್ಷರಶಃ ನಿಜ.

ಇದು ಬರೀ ರೂಢಿಯಾಗಿರಲಿಲ್ಲ, ಕಾನೂನೂ ಆಗಿತ್ತು. 1874ರಲ್ಲಿ ಮುಂಬಯಿ ಸರ್ಕಾರ ವತನದ ಕಾಯ್ದೆ ಮಾಡಿ ಹಳ್ಳಿಯ ಹುದ್ದೆಗಳನ್ನು ವಂಶಪಾರಂಪರ್ಯವೆಂದು ಬರೆದಿಟ್ಟಿತು. ಗೌಡ, ಕುಲಕರ್ಣಿಯವರ ವತನ ಮೇಲಿನದು, ನಮ್ಮದು ಕೆಳಗಿನದು. ಒಬ್ಬನ ಹೆಸರಿಗೆ ವತನ, ದುಡಿತ ಮಾತ್ರ ಮನೆಮಂದಿಗೆಲ್ಲ. ಅಪ್ಪನಿಗೆ ಜ್ವರ ಬಂದರೆ ಅವ್ವ ಹೋಗಬೇಕು, ಅವ್ವ ಬಾಣಂತಿಯಾದರೆ ಅಣ್ಣ ಹೋಗಬೇಕು. ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಈ ಕಾಯ್ದೆಯ ತಿದ್ದುಪಡಿಗೆ ಮಸೂದೆ ತಂದದ್ದು ಇದೇ ಕಾರಣಕ್ಕೆ. ಮಹಾರರ ವತನವೆಂದರೆ ಗುಲಾಮಗಿರಿಗೆ ಕೊಟ್ಟ ಸನದು ಎಂಬುದು ಅವರಿಗೆ ಗೊತ್ತಿತ್ತು. ಮಸೂದೆ ಪಾಸಾಗಲಿಲ್ಲ. ನಮ್ಮ ಭಾಗದಲ್ಲಿ ವತನ ಹೋಗಬೇಕಾದರೆ 1963ರ ಫೆಬ್ರವರಿಯವರೆಗೆ ಕಾಯಬೇಕಾಯಿತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಆವತ್ತು ಜಾರಿಗೆ ಬಂತು. ಆಗ ನನಗೆ ಎಂಟು ವರ್ಷ. ಕಾಯ್ದೆ ಬಂದ ಮರುದಿನವೂ ಅಪ್ಪ ಕೋಲು ಹಿಡಿದು ಚಾವಡಿಗೆ ಹೋದ. ಯಾಕೆಂದರೆ ಆಯ ಕೊಡುವವರು ಅವರೇ.

ವತನದ ಸಂಗಡ ಒಂದು ತುಂಡು ಉಂಬಳಿ ಹೊಲವಿತ್ತು. ಹಳ್ಳದ ದಂಡೆಯ ಮಸಾರಿ ಭೂಮಿ. ನಾಲ್ಕು ಮನೆತನಗಳು ಸರದಿಯ ಮೇಲೆ ಬಿತ್ತುತ್ತಿದ್ದರು. ಅದರ ಕೆಳಗಿನ ಮೂಲೆಯಲ್ಲಿ ನಮ್ಮ ಕೇರಿಯ ಹೆಣ ಹುಗಿಯುವ ಜಾಗ. ಊರಿನವರಿಗೆ ಊರ ಮೇಲೆ ಬೇರೆ ರುದ್ರಭೂಮಿ ಇದೆ, ಸುತ್ತ ಕಂಪೌಂಡು ಇದೆ, ಬೋರ್ಡೂ ಇದೆ. ನಮ್ಮದಕ್ಕೆ ಯಾವ ಬೋರ್ಡೂ ಇರಲಿಲ್ಲ. ತಲೆದೆಸೆಗೆ ಒಂದು ಕಲ್ಲು, ಕಾಲದೆಸೆಗೆ ಒಂದು ಕಲ್ಲು, ನಡುವೆ ನಮ್ಮ ಅಜ್ಜ ಅಮ್ಮಂದಿರು. ಈ ಮೂಲೆಯನ್ನು ನೆನಪಿನಲ್ಲಿಡಿ. ಇಷ್ಟೆಲ್ಲ ಬರೆಯುತ್ತಿರುವುದು ಇದಕ್ಕಾಗಿಯೇ.

ನಮಗೆ ಇಂಗ್ಲಿಷ್ ಪಠ್ಯದಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರ ಪಾಠವಿತ್ತು. ಹುಲ್ಲುಚಾವಣಿಯ ಮನೆಗಳು, ನಡುವೆ ಚರ್ಚು, ಹಸಿರು ಬಯಲು, ಹರಿಯುವ ತೊರೆ. ಚಿತ್ರದಲ್ಲಿ ಕೇರಿ ಎಲ್ಲಿದೆ ಎಂದು ನಾನು ಹುಡುಕಿದೆ. ಅಲ್ಲಿ ಕೇರಿ ಇರಲಿಲ್ಲ. ಮುಂದೆ ದೊಡ್ಡವನಾಗಿ ಓದಿದಾಗ ಆ ಹಳ್ಳಿಗಳಲ್ಲೂ ಭೂಮಾಲೀಕರು ಬಡವರ ಗೋಮಾಳಕ್ಕೆ ಬೇಲಿ ಹಾಕಿ ಹೊರಗಟ್ಟಿದ ಕತೆ ತಿಳಿಯಿತು. ಆದರೆ ಇನ್ನೊಂದು ಸಂಗತಿಯೂ ತಿಳಿಯಿತು. ಅಲ್ಲಿ 1538ರಲ್ಲಿ, ಎಂಟನೆಯ ಹೆನ್ರಿಯ ಕಾಲಕ್ಕೆ, ಪ್ರತಿಯೊಂದು ಚರ್ಚಿನಲ್ಲೂ ದೀಕ್ಷೆ, ಮದುವೆ, ಸಾವು ಬರೆದಿಡಬೇಕೆಂದು ಅಪ್ಪಣೆಯಾಯಿತು. ಹೀಗಾಗಿ ಹೊಲದ ಕೂಲಿಯವನ ಹೆಸರೂ, ಅವನನ್ನು ಯಾವತ್ತು ಹೂಳಿದರೆಂಬುದೂ ಅನೇಕ ಊರುಗಳಲ್ಲಿ ಉಳಿದಿದೆ. ಅವನ ಮರಿಮಗ ಹೋಗಿ ಪುಟ ತಿರುವಿ 'ಇವ ನಮ್ಮ ಮುತ್ಯಾ' ಎನ್ನಬಹುದು. ನಮ್ಮೂರಿನ ಎಲ್ಲರ ಸಾವಿನ ಸುದ್ದಿ ಹೊತ್ತ ನನ್ನ ಮುತ್ಯಾನ ಹೆಸರು ನನಗೆ ಅವ್ವನ ಬಾಯಿಂದ ಮಾತ್ರ ಗೊತ್ತು. ಅವ್ವ ಸತ್ತಳು.

ಹೆಸರಿಲ್ಲದ ಇನ್ನೊಬ್ಬ ಹುಡುಗನ ವಿಷಯ ಹೇಳಬೇಕು. 1856ರ ಜೂನಿನಲ್ಲಿ ಧಾರವಾಡದ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಬೇಕೆಂದು ಅರ್ಜಿ ಕೊಟ್ಟ. ಸರ್ಕಾರ ಒಪ್ಪಲಿಲ್ಲ. ನ್ಯಾಯ ಅವನ ಕಡೆ ಇರಬಹುದು, ಆದರೆ ಒಬ್ಬನಿಗಾಗಿ ಉಳಿದ ಜಾತಿಯ ಮಕ್ಕಳೆಲ್ಲ ಶಾಲೆ ಬಿಟ್ಟರೆ ಹೇಗೆ ಎಂಬುದು ಅದರ ವಾದ. 1858ರಲ್ಲಿ ಇಂಗ್ಲೆಂಡಿನಲ್ಲಿ ಕೂತ ಕಂಪನಿಯ ನಿರ್ದೇಶಕರು ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂದು ಬರೆದರು. ಬರೆದದ್ದು ಕಾಗದದಲ್ಲಿ ಉಳಿಯಿತು. ಅಂಬೇಡ್ಕರರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಹುಡುಗನ ಪ್ರಕರಣವನ್ನು ಎತ್ತಿ ತೋರಿಸಿದ್ದಾರೆ. ಇಡೀ ದೇಶದ ದಲಿತರ ಶಿಕ್ಷಣದ ಚರಿತ್ರೆಯಲ್ಲಿ ಧಾರವಾಡದ ಹೆಸರು ಹೀಗೆ ಬರುತ್ತದೆ. ವಿದ್ಯಾಕಾಶಿ ಎಂದು ಹೇಳಿಕೊಳ್ಳುವ ನಮ್ಮ ಪಟ್ಟಣದಲ್ಲಿ ಆ ಹುಡುಗನಿಗೆ ಒಂದು ಕಲ್ಲೂ ಇಲ್ಲ. ಅವನ ಅರ್ಜಿಯ ಸುದ್ದಿ ಉಳಿದಿದೆ, ಅವನ ಹೆಸರು ಉಳಿದಿಲ್ಲ.

ನಾನು ಧಾರವಾಡಕ್ಕೆ ಓದಲು ಹೋದದ್ದು ಆ ಹುಡುಗ ಅರ್ಜಿ ಕೊಟ್ಟು ನೂರು ವರ್ಷ ದಾಟಿದ ಮೇಲೆ. ಹಾಸ್ಟೆಲಿನಲ್ಲಿದ್ದಾಗಲೇ 1973ರ ಬೂಸಾ ಗಲಾಟೆ ಎದ್ದಿತು. ಕನ್ನಡ ಸಾಹಿತ್ಯದಲ್ಲಿ ಬೂಸಾನೇ ಹೆಚ್ಚು ಎಂದು ಬಸವಲಿಂಗಪ್ಪನವರು ಅಂದದ್ದಕ್ಕೆ ಊರು ಊರುಗಳಲ್ಲಿ ಬೆಂಕಿ ಬಿತ್ತು. ದಲಿತ ಹುಡುಗರ ಮೇಲೆ ಕಲ್ಲು ಬಿದ್ದವು. ನಾವು ಹಾಸ್ಟೆಲಿನ ಹುಡುಗರು ಬಾಗಿಲು ಹಾಕಿಕೊಂಡು ಒಂದು ಲೆಕ್ಕ ಮಾಡಿದೆವು. ನಾವು ಇಲ್ಲಿತನಕ ಓದಿದ ಪಠ್ಯಗಳಲ್ಲಿ ನಮ್ಮ ಅವ್ವ ಅಪ್ಪ ಎಷ್ಟು ಪಾಠಗಳಲ್ಲಿ ಬಂದಿದ್ದಾರೆ? ಲೆಕ್ಕ ಬೇಗ ಮುಗಿಯಿತು.

ಅವ್ವನ ದಿನ ಕೋಳಿ ಕೂಗುವ ಮೊದಲೇ ಸುರುವಾಗುತ್ತಿತ್ತು. ಊರ ಬಾವಿಗೆ ನಾವು ಇಳಿಯುವಂತಿಲ್ಲ. ಹಳ್ಳದಲ್ಲಿ ವರತಿ ತೋಡಿ, ಪರಟಿಯಿಂದ ಮೊಗೆದು ಕೊಡ ತುಂಬಬೇಕು. ಬೇಸಿಗೆಯಲ್ಲಿ ಒಂದು ಕೊಡ ತುಂಬಲಿಕ್ಕೆ ಒಂದು ತಾಸು. ಬಂದು ಜೋಳದ ರೊಟ್ಟಿ ಬಡಿದು, ಪುಂಡಿಪಲ್ಲೆ ಇದ್ದರೆ ಪುಂಡಿಪಲ್ಲೆ, ಇಲ್ಲದಿದ್ದರೆ ಕೆಂಪಖಾರ ಕಟ್ಟಿಕೊಂಡು ಹೊಲಕ್ಕೆ. ಸುಗ್ಗಿಯಲ್ಲಿ ಹತ್ತಿ ಬಿಡಿಸುವುದು ಅವ್ವನ ಕೆಲಸ. ಬಿಡಿಸಿದ ಹತ್ತಿಯನ್ನು ಉಡಿಗೆ ತುಂಬಿ ತುಂಬಿ, ಸಂಜೆ ಅವಳ ಸೀರೆಯೂ ಹತ್ತಿಯ ಹೊಲದಂತೆ ಕಾಣುತ್ತಿತ್ತು.

ಹತ್ತಿ ನಮ್ಮೂರನ್ನು ಲೋಕಕ್ಕೆ ಕಟ್ಟಿದ ದಾರ. 1840ರ ದಶಕದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಶಾ ಎಂಬುವವನು ಅಮೆರಿಕದ ಹತ್ತಿಬೀಜವನ್ನು ಇಲ್ಲಿನ ಎರೆಹೊಲಗಳಿಗೆ ಹಬ್ಬಿಸಿದ. ಅದಕ್ಕೆ ಧಾರವಾಡ-ಅಮೆರಿಕನ್ ಎಂದೇ ಹೆಸರಾಯಿತು. 1861ರಿಂದ 1865ರ ತನಕ ಅಮೆರಿಕದಲ್ಲಿ ಗುಲಾಮಗಿರಿಯ ಕಾರಣಕ್ಕೆ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಮಿಲ್ಲುಗಳು ನಮ್ಮ ಕಡೆ ಕೈಚಾಚಿದವು. ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿಯ ಬೆಲೆ ಏರಿತು. ನಮ್ಮ ಕಡೆಯ ಎಷ್ಟೋ ವಾಡೆಗಳ ಕೆತ್ತನೆಯ ಕಂಬಗಳಿಗೆ ಹತ್ತಿಯ ರೊಕ್ಕವೇ ಬುನಾದಿ. ಅಲ್ಲಿ ಗುಲಾಮರು ಬಿಡಿಸುತ್ತಿದ್ದ ಹತ್ತಿಯನ್ನು ಇಲ್ಲಿ ನಮ್ಮ ಅಮ್ಮಂದಿರು ಬಿಡಿಸಿದರು. ಅಲ್ಲಿಯವರಿಗೆ ಗುಲಾಮರೆಂಬ ಹೆಸರಾದರೂ ಇತ್ತು, ಅದನ್ನು ರದ್ದು ಮಾಡಲು ಒಂದು ಯುದ್ಧವಾದರೂ ಆಯಿತು. ಬೆಲೆ ಇಳಿದ ಹತ್ತೇ ವರ್ಷಕ್ಕೆ, 1876ರಿಂದ 1878ರ ದೊಡ್ಡ ಬರ ಬಂತು. ವಾಡೆಯಲ್ಲಿ ಹಗೆವು ಇತ್ತು, ಕೇರಿಯಲ್ಲಿ ಹಗೆವು ಇರಲಿಲ್ಲ. ಬರ ಎಲ್ಲರಿಗೂ ಒಂದೇ ಎನ್ನುವವರು ಹಗೆವಿನ ಒಳಗೆ ಇಣುಕಿ ನೋಡಬೇಕು.

ಊರು ನಮ್ಮ ಬಗ್ಗೆ ಒಂದೇ ಒಂದು ಕತೆ ಹೇಳುತ್ತದೆ. ಅದು ದ್ಯಾಮವ್ವನ ಕತೆ. ದ್ಯಾಮವ್ವ ಬ್ರಾಹ್ಮಣರ ಹುಡುಗಿಯಂತೆ. ಹೊಲೆಯರ ಹುಡುಗನೊಬ್ಬ ತಾನೂ ಬ್ರಾಹ್ಮಣನೆಂದು ಹೇಳಿ ಅವಳನ್ನು ಮದುವೆಯಾದನಂತೆ. ಮಕ್ಕಳಾದ ಮೇಲೆ ಗುಟ್ಟು ಬಯಲಾಯಿತಂತೆ. ಅವಳು ಸಿಟ್ಟಿನಿಂದ ದೇವಿಯಾಗಿ ಅವನನ್ನು ಬೆನ್ನಟ್ಟಿದಳು, ಅವನು ಕೋಣನ ರೂಪದಲ್ಲಿ ಅಡಗಿದ, ಅವಳು ಕೊಂದಳು. ಅದಕ್ಕೇ ದ್ಯಾಮವ್ವನ ಜಾತ್ರೆಯಲ್ಲಿ ಕೋಣ ಕಡಿಯುವುದು. ನಮ್ಮೂರಲ್ಲಿ ಎಷ್ಟೋ ವರ್ಷಕ್ಕೊಮ್ಮೆ ಆ ಜಾತ್ರೆ ಆಗುತ್ತಿತ್ತು. ಕೋಣನ ಮುಂದೆ ಹಲಗಿ ಬಾರಿಸುವವರು ಮಾದರು, ಕೋಣನನ್ನು ಹಿಡಿಯುವವರು ನಮ್ಮವರು, ಕೋಣ ಸಹ ನಮ್ಮವನೇ. ಮೇಲಿನ ಜಾತಿಯ ಹೆಣ್ಣನ್ನು ಮದುವೆಯಾದ ನಮ್ಮ ಹುಡುಗನನ್ನು ನಮ್ಮ ಕೈಯಿಂದಲೇ ಮತ್ತೆ ಮತ್ತೆ ಕೊಲ್ಲಿಸುವ ಹಬ್ಬ ಅದು.

ಒಮ್ಮೆ ಸಣ್ಣವನಿದ್ದಾಗ ಅಪ್ಪನನ್ನು ಕೇಳಿದೆ, "ಅಪ್ಪಾ, ಆ ಹುಡುಗ ಸುಳ್ಳ್ಯಾಕ ಹೇಳಿದ?" ಅಪ್ಪ ಬೀಡಿ ಸೇದುತ್ತ, "ಖರೇ ಹೇಳಿದ್ರ ಹೆಣ್ಣ ಕೊಡತಿದ್ರೇನಲೇ?" ಎಂದ. ಅಷ್ಟೇ. ಇಡೀ ಪುರಾಣಕ್ಕೆ ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಯಾವ ವಿದ್ವಾಂಸನ ಬಾಯಿಂದಲೂ ಕೇಳಿಲ್ಲ. ಪ್ರಾಣಿಬಲಿಗೆ ನಿಷೇಧ ಬಂತು. ನಮ್ಮೂರಿನ ಜಾತ್ರೆಯಲ್ಲಿ ಈಗ ಬೂದಗುಂಬಳಕಾಯಿ ಒಡೆಯುತ್ತಾರೆ. ಆದರೆ ಜಾತಿ ಮೀರಿ ಮದುವೆಯಾದ ಹುಡುಗ ಹುಡುಗಿಯರನ್ನು ಮನೆಯವರೇ ಕೊಂದ ಸುದ್ದಿ ಇವತ್ತಿಗೂ ಪತ್ರಿಕೆಗಳಲ್ಲಿ ಬರುತ್ತಿದೆ. ಕೋಣ ಬದುಕಿತು, ಕತೆ ಸಾಯಲಿಲ್ಲ.

ನಮ್ಮ ದೊಡ್ಡವ್ವನ ಕೊರಳಲ್ಲಿ ಎಲ್ಲಮ್ಮನ ಮುತ್ತು ಇತ್ತು. ಸವದತ್ತಿಯ ಗುಡ್ಡ ನಮ್ಮೂರಿಗೆ ದೂರವಲ್ಲ. ಮನೆಯಲ್ಲಿ ಗಂಡುಮಕ್ಕಳು ಉಳಿಯಲಿಲ್ಲವೆಂದು ಅವಳನ್ನು ದೇವರಿಗೆ ಬಿಟ್ಟರು. ದೇವರಿಗೆ ಬಿಟ್ಟವಳು ಯಾರ ಪಾಲಾದಳು ಎಂಬುದು ಕೇರಿಗೆಲ್ಲ ಗೊತ್ತು, ಊರಿಗೂ ಗೊತ್ತು. ಕೇರಿಯ ಹೆಣ್ಣಿನ ನೆರಳು ಬಿದ್ದರೆ ಹಗಲು ಮೈಲಿಗೆ, ರಾತ್ರಿ ಮೈಲಿಗೆ ಇಲ್ಲ. ಮುಂಬಯಿ ಸರ್ಕಾರ 1934ರಲ್ಲಿ, ಕರ್ನಾಟಕ ಸರ್ಕಾರ 1982ರಲ್ಲಿ ಈ ಪದ್ಧತಿಗೆ ನಿಷೇಧದ ಕಾಯ್ದೆ ಮಾಡಿದವು. ಎರಡು ಕಾಯ್ದೆಗಳ ನಡುವಿನ ನಲವತ್ತೆಂಟು ವರ್ಷಗಳಲ್ಲಿ ನನ್ನ ದೊಡ್ಡವ್ವನ ಹರೆಯವೆಲ್ಲ ಕಳೆದುಹೋಯಿತು. ಅವಳನ್ನೂ ಹಳ್ಳದ ದಂಡೆಯ ಆ ಮೂಲೆಯಲ್ಲೇ ಮಣ್ಣು ಮಾಡಿದ್ದೇವೆ.

ಇನ್ನೊಂದು ಚರಿತ್ರೆ ಇದೆ. ಅದರ ಬಗ್ಗೆ ನಮ್ಮ ಕಡೆಯವರಿಗೆಲ್ಲ ಅಭಿಮಾನ, ನನಗೂ ಅಭಿಮಾನವೇ. ಗರಗದಲ್ಲಿ 1954ರಲ್ಲಿ ಖಾದಿಯ ಸಂಘ ಶುರುವಾಯಿತು. ರಾಷ್ಟ್ರಧ್ವಜಕ್ಕೆ ಬೇಕಾದ ಬಟ್ಟೆ ನೇಯುವ ಊರು ಎಂದು ಗರಗ ಹೆಸರಾಯಿತು. ಧ್ವಜದ ಬಟ್ಟೆಗೆ 1951ರಲ್ಲೇ ಸರ್ಕಾರ ಅಳತೆ ಕಟ್ಟಿದೆ. ಎಳೆ ಎಷ್ಟು, ತೂಕ ಎಷ್ಟು, ಬಣ್ಣ ಹೇಗೆ ಎಲ್ಲಕ್ಕೂ ಲೆಕ್ಕ. ಒಂದು ಎಳೆ ತಪ್ಪಿದರೆ ಬಟ್ಟೆ ವಾಪಸು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಹುಟ್ಟಿದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಬಟ್ಟೆಗೆ ಬಣ್ಣ ಹಾಕಿ, ಇಪ್ಪತ್ನಾಲ್ಕು ಅರೆಗಳ ಚಕ್ರ ಅಚ್ಚೊತ್ತಿ, ಹೊಲಿದು ದೇಶಕ್ಕೆಲ್ಲ ಕಳಿಸುತ್ತಾರೆ. ಇಪ್ಪತ್ತೊಂದು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ದೊಡ್ಡ ಧ್ವಜದಿಂದ ಹಿಡಿದು ಮೇಜಿನ ಮೇಲಿಡುವ ಸಣ್ಣದರ ತನಕ ಒಂಬತ್ತು ಅಳತೆ. ಅಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ನನ್ನ ಅಕ್ಕ ನೂಲುವುದು, ನೇಯುವುದು ಕಲಿತಳು. ಮಗ್ಗಕ್ಕೆ ಜಾತಿ ಗೊತ್ತಾಗುವುದಿಲ್ಲ ಎಂದು ಅವಳು ಅನ್ನುತ್ತಿದ್ದಳು. ಅವಳು ಮೈಮುರಿದು ನೇಯ್ದ ಬಟ್ಟೆಯಲ್ಲಿ ಯಾವ ಎಳೆ ಯಾರದೆಂದು ಹೇಳಲಾಗದು. ಆಗಸ್ಟ್ ಹದಿನೈದಕ್ಕೆ ಊರಲ್ಲಿ ಧ್ವಜ ಏರುತ್ತಿತ್ತು. ಅಕ್ಕ ಗುಂಪಿನ ಹಿಂದೆ ನಿಂತು ಕತ್ತೆತ್ತಿ ಬಟ್ಟೆಯ ನೇಯ್ಗೆ ನೋಡುತ್ತಿದ್ದಳು. ಆಕೆ ನೇಯ್ದ ಧ್ವಜಕ್ಕೆ ಊರೆಲ್ಲ ಕೈ ಎತ್ತಿ ವಂದಿಸುತ್ತದೆ, ಆಕೆ ಕೊಟ್ಟ ನೀರನ್ನು ಮಾತ್ರ ಕುಡಿಯುವುದಿಲ್ಲ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. ಮರುವರ್ಷ ಮನೆಮನೆಗೂ ಧ್ವಜ ಎಂದರು. ಮನೆಮನೆಗೆ ಧ್ವಜ ಬಂತು, ಮಗ್ಗದವರ ಹೊಟ್ಟೆಯ ಮೇಲೆ ಹೊಡೆತ ಬಿತ್ತು. ಬೆಂಗೇರಿಯವರು ಪ್ರತಿಭಟನೆ ಮಾಡಿದರು. ದೇಶಭಕ್ತಿಯ ಭಾಷಣ ಮಾಡಿದವರು ಯಾರೂ ಆ ಹೆಣ್ಣುಮಕ್ಕಳ ಕೂಲಿಯ ಮಾತು ಎತ್ತಲಿಲ್ಲ.

ಹಾಗಾದರೆ ಏನೂ ಬದಲಾಗಲಿಲ್ಲವೇ? ಬದಲಾಗಿದೆ. ಸುಳ್ಳು ಹೇಳಬಾರದು. ಕೇರಿಗೆ ನಳ ಬಂದಿದೆ, ವರತಿ ತೋಡುವ ಕಷ್ಟವಿಲ್ಲ. ಸಿಮೆಂಟಿನ ರಸ್ತೆ ಇದೆ. ನಮ್ಮ ಹುಡುಗರು ಹುಬ್ಬಳ್ಳಿಯಲ್ಲಿ ಗ್ಯಾರೇಜು, ಅಂಗಡಿ, ಆಸ್ಪತ್ರೆ, ಆಫೀಸು ಎಲ್ಲ ಕಡೆ ಇದ್ದಾರೆ. ಹುಡುಗಿಯರು ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಾರೆ. 1993ರ ಪಂಚಾಯತ ರಾಜ್ ಕಾಯ್ದೆಯ ಮ್ಯಾಲೆ ಮೀಸಲಾತಿಯಿಂದ ನಮ್ಮ ಚಿಗವ್ವನೇ ಒಂದು ಸಲ ಅಧ್ಯಕ್ಷಿಯಾದಳು. ಮೊದಲ ಮೀಟಿಂಗಿಗೆ ಹೋದಾಗ ಕುರ್ಚಿ ಇತ್ತು, ಆದರೆ ಯಾರೂ "ಕೂಡ್ರಿ" ಎನ್ನಲಿಲ್ಲ. ಚಿಗವ್ವ ತಾನೇ ಕೂತಳು. "ನನ್ನ ಕುರ್ಚಿಗೆ ನನಗ್ಯಾರು ಕೂಡು ಅನ್ನಬೇಕು?" ಎಂದು ಮನೆಗೆ ಬಂದು ನಕ್ಕಳು. ಚಹದಂಗಡಿಯ ಮಾಡದಲ್ಲಿ ನಮಗಾಗಿ ಬೇರೆ ಇಟ್ಟಿದ್ದ ಬಸಿಗಳು ಈಗ ಇಲ್ಲ. ಎಲ್ಲರಿಗೂ ಕಾಗದದ ಕಪ್ಪು, ಕುಡಿದು ಎಸೆಯುವುದು. ಅಂದರೆ ನಾವು ಕುಡಿದ ಕಪ್ಪನ್ನು ತೊಳೆಯುವ ಪ್ರಶ್ನೆಗೆ ಊರು ಉತ್ತರ ಕೊಡಲೇ ಇಲ್ಲ, ಪ್ರಶ್ನೆಯನ್ನೇ ಕಸದ ಬುಟ್ಟಿಗೆ ಹಾಕಿತು.

ಬದಲಾಗದೆ ಉಳಿದದ್ದು ಭೂಮಿ. ವತನ ಹೋದಾಗ ಉಂಬಳಿ ಹೊಲವನ್ನು ಕಂದಾಯದ ಇಂತಿಷ್ಟು ಪಟ್ಟು ರೊಕ್ಕ ಕಟ್ಟಿದವರ ಹೆಸರಿಗೆ ಮರಳಿ ಕೊಡುತ್ತೇವೆ ಎಂದಿತು ಕಾಯ್ದೆ. ಅಪ್ಪ ಮತ್ತು ಉಳಿದವರು ಸಾಲ ಮಾಡಿ ಕಟ್ಟಿದರು. 1972ರ ಬರದಲ್ಲಿ ಆ ಸಾಲ, ಹೊಟ್ಟೆಯ ಸಾಲ, ಅಕ್ಕನ ಮದುವೆಯ ಸಾಲ ಎಲ್ಲ ಕೂಡಿ ಹೊಲ ಊರಿನ ದೊಡ್ಡ ಹೊಲದವರೊಬ್ಬರ ಪಾಲಾಯಿತು. ಹೆಬ್ಬೆಟ್ಟು ಒತ್ತುವಾಗ ಅಪ್ಪ ಒಂದೇ ಮಾತು ಕೇಳಿದನಂತೆ, "ಕೆಳಗಿನ ಮೂಲಿ ನಮ್ಮ ಮಂದೀದ್ರಿ ಎಪ್ಪಾ, ಅದಕ್ಕ ನೇಗಿಲಾ ಹಚ್ಚಬ್ಯಾಡ್ರಿ." ಅವರೂ "ಆತು ಬಿಡೋ" ಎಂದರಂತೆ. ಮಾತು ಬಾಯಲ್ಲಿ ಆಯಿತು, ಕಾಗದದಲ್ಲಿ ಆಗಲಿಲ್ಲ. ಆ ಹಿರಿಯರು ಬದುಕಿರುವತನಕ ಮಾತು ನಡೆಸಿದರು. ಈಗ ಮೊಮ್ಮಕ್ಕಳ ಕಾಲ. ಹೋದ ವರ್ಷ ಟ್ರ್ಯಾಕ್ಟರು ಮೂಲೆಯ ತನಕ ಬಂತು. ತಲೆಗಲ್ಲು, ಕಾಲುಗಲ್ಲು ಕಿತ್ತು ಬದುವಿಗೆ ಬಿದ್ದವು.

ಪರಿಶಿಷ್ಟರ ಭೂಮಿ ಪರಭಾರೆ ತಡೆಯುವ 1978ರ ಕಾಯ್ದೆ ಇದೆಯಲ್ಲ ಎಂದು ನೀವು ಕೇಳಬಹುದು. ನಮ್ಮ ಓದಿದ ಹುಡುಗರೂ ಕೇಳಿದರು. 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಗಿ, ಅರ್ಜಿ ಕೊಡಲು ಕಾಲಮಿತಿ ಇಲ್ಲ ಎಂದೂ ಆಯಿತು. ಆದರೆ ಕಾಯ್ದೆಯ ವ್ಯಾಖ್ಯೆಯನ್ನು ಬಿಡಿಸಿ ಓದಿದರೆ, ಆನುವಂಶಿಕ ಹುದ್ದೆಯ ಕಾಯ್ದೆಯಡಿ ಬಂದ ಭೂಮಿಯನ್ನು ಅದು ಹೊರಗಿಟ್ಟಿದೆ. ಸರ್ಕಾರ ಹೊಸದಾಗಿ ಕೊಟ್ಟ ಭೂಮಿಗೆ ರಕ್ಷಣೆ ಇದೆ, ತಲೆತಲಾಂತರ ದುಡಿದು ಗಳಿಸಿದ ವಾಲೀಕಾರನ ಭೂಮಿಗೆ ಆ ರಕ್ಷಣೆ ಇಲ್ಲ. ಕಾಯ್ದೆಗೂ ಒಂದು ಅಗಸಿ ಇರುತ್ತದೆ ಎಂಬುದು ನನಗೆ ಆವತ್ತು ತಿಳಿಯಿತು.

ಹೊಲ ಬೇಡ, ಮೂಲೆ ಕೊಡಿ ಎಂದು ಕೇರಿಯವರೆಲ್ಲ ಕೂಡಿ ಅರ್ಜಿ ಬರೆದೆವು. ಕಚೇರಿಯಲ್ಲಿ ಕೂತವರು ಉತಾರ ತೆಗೆದು ನೋಡಿ, "ಇದರಾಗ ಸ್ಮಶಾನ ಅಂತ ಎಲ್ಲೂ ಇಲ್ಲಲ್ರಿ, ದಾಖಲೆ ಏನೈತಿ?" ಎಂದರು. ದಾಖಲೆ ಏನಿದೆ? ನೆಲದೊಳಗೆ ಇದೆ. ಅಗೆದು ತೋರಿಸಲೇ?

ಇದೇ ಹೊತ್ತಿಗೆ ನಮ್ಮೂರಿನ ಹಿರಿಯರು ಊರಿನ ಚರಿತ್ರೆಯ ಪುಸ್ತಕ ತರಲು ಹೊರಟಿದ್ದಾರೆ. ಗುಡಿಯ ಜೀರ್ಣೋದ್ಧಾರ ಮುಗಿದಿದೆ, ಕಳಸ ಏರಿದೆ, ಇನ್ನು ಪುಸ್ತಕ. "ಮಾಸ್ತರ, ನಿಮ್ಮ ಓಣಿ ಬಗ್ಗೆ ನೀವ ಎರಡು ಪಾನ ಬರದು ಕೊಡ್ರಿ. ಹಲಗಿ, ಹಾಡು, ಜಾನಪದ ಅಂತ ಏನಾರ ಚಲೋದು ಇರಲಿ" ಎಂದು ನನಗೂ ಹೇಳಿದ್ದಾರೆ. ಅವರ ಮನಸ್ಸು ಕೆಟ್ಟದ್ದಲ್ಲ. ಆದರೆ ಅವರಿಗೆ ಬೇಕಾದದ್ದು ನಮ್ಮ ಹಾಡು, ನಮ್ಮ ಪಾಡಲ್ಲ. ನಾನು ಹಲಗಿಯ ಬಗ್ಗೆ ಬರೆಯುವುದಿಲ್ಲ. ಆ ಎರಡು ಪುಟಗಳಲ್ಲಿ ಹೆಸರುಗಳನ್ನು ಬರೆಯುತ್ತೇನೆ. ಕೇರಿಯ ಮುದುಕಿಯರ ಬಳಿ ಕೂತು, ಹಳ್ಳದ ದಂಡೆಯಲ್ಲಿ ಯಾರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಯಾವ ವರ್ಷವೆಂದು ಅವರಿಗೆ ಗೊತ್ತಿಲ್ಲ. 'ಬಾವಿಗೆ ಎಮ್ಮಿ ಬಿದ್ದ ವರ್ಷ', 'ಜ್ವಾಳಕ್ಕ ಕಾಡಿಗಿ ಹತ್ತಿದ ವರ್ಷ' ಎನ್ನುತ್ತಾರೆ. ಹಾಗೆಯೇ ಬರೆಯುತ್ತಿದ್ದೇನೆ. ಈವರೆಗೆ ಅರವತ್ತೇಳು ಹೆಸರು ಸಿಕ್ಕಿವೆ. ಅಚ್ಚು ಹಾಕಿದರೆ ಅದು ಊರಿನ ಚರಿತ್ರೆ. ಹಾಕದಿದ್ದರೆ ನಾವೇ ಹಾಕುತ್ತೇವೆ.

ಗೆಳೆಯರೇ, ನೀವು ಹಳ್ಳಿಯ ಶಾಲೆಗಳಲ್ಲಿ ಮಾಸ್ತರಾಗಿದ್ದೀರಿ, ಕಾಲೇಜಿನಲ್ಲಿ ಓದುತ್ತಿದ್ದೀರಿ, ಸಂಘಟನೆಯ ಕೆಲಸಕ್ಕೆ ಊರೂರು ತಿರುಗುತ್ತೀರಿ. ನಿಮ್ಮೂರಿನ ಕೇರಿಗೆ ಹೋಗಿ ಮೂರು ಪ್ರಶ್ನೆ ಕೇಳಿರಿ. ನಿಮ್ಮ ಉಂಬಳಿ ಎಲ್ಲಿತ್ತು? ಈಗ ಯಾರ ಹೆಸರಿನಲ್ಲಿದೆ? ನಿಮ್ಮವರನ್ನು ಎಲ್ಲಿ ಹುಗಿಯುತ್ತೀರಿ? ಉತ್ತರವನ್ನು ಸರ್ವೆ ನಂಬರಿನ ಸಮೇತ ಬರೆದಿಡಿ. ಹೇಳುವ ಮುದುಕರು ಬಹಳ ದಿನ ಇರುವುದಿಲ್ಲ. ನಮ್ಮ ಕಡೆ ಹಿಂಗಾರಿ ಬಿತ್ತಿಗೆ ಹತ್ತಿರ ಬಂದಿದೆ. ಈ ಸಲ ಟ್ರ್ಯಾಕ್ಟರು ಬಂದಾಗ ಕೇರಿಯ ಗಂಡಸರು ಹೆಂಗಸರು ಮಕ್ಕಳು ಎಲ್ಲರೂ ಆ ಮೂಲೆಯಲ್ಲಿ ಕೂಡಬೇಕೆಂದು ಮಾತಾಗಿದೆ. ಮಾದರ ಕೇರಿಯವರೂ ಬರುತ್ತೇವೆ ಎಂದಿದ್ದಾರೆ.